ಬೆಲೆ ತೆರುವವರು ಸಭೆಯಲ್ಲಿಲ್ಲ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಯಾವ ನಿವಾಸಿಗಳ ಸಂಘದ ಸಭೆಗೆ ಹೋದರೂ ಮಾತು ಹೆಚ್ಚುಕಡಿಮೆ ಒಂದೇ. ತಿರುವಿನಲ್ಲಿ ಯಾರೋ ಕಸ ಎಸೆಯುತ್ತಿದ್ದಾರೆ. ಪಾರ್ಕಿನ ಗೇಟಿಗೆ ಅಡ್ಡವಾಗಿ ತಳ್ಳುಗಾಡಿ ನಿಲ್ಲುತ್ತಿದೆ. ಮೂರನೇ ಮನೆಯವರು ಬೀದಿನಾಯಿಗಳಿಗೆ ಅನ್ನ ಹಾಕುತ್ತಿದ್ದಾರೆ. ಮನೆಗೆಲಸದವರು ಲಿಫ್ಟ್ ಹತ್ತುತ್ತಿದ್ದಾರೆ. ಟ್ಯಾಂಕರ್‌ನವನು ರೇಟು ಏರಿಸಿದ್ದಾನೆ. ಗಂಟೆಗಟ್ಟಲೆ ಮಾತಾದ ಮೇಲೆ ಒಂದು ನಿರ್ಣಯ ಆಗುತ್ತದೆ, ಮರುದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಕಾಣಿಸುತ್ತದೆ. ಆ ಹಾಳೆ ಯಾರ ಬದುಕನ್ನು ಮುಟ್ಟುತ್ತದೋ ಅವರಲ್ಲಿ ಒಬ್ಬರೂ ಸಭೆಯಲ್ಲಿ ಇದ್ದಿರುವುದಿಲ್ಲ.

ದಿನನಿತ್ಯದ ಸರಿತಪ್ಪುಗಳ ಕುರಿತು ನಮ್ಮಲ್ಲಿ ಮಾತಿಗೆ ಬರವಿಲ್ಲ. ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲೇ ನರಸಿಂಹರಾಜ ಕಾಲೊನಿಯಲ್ಲಿದೆ. ಪೌರತ್ವವನ್ನೂ ಧರ್ಮವೆಂದೇ ನೋಡಿದ ಮನುಷ್ಯ ಅವರು. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದು, ಪ್ರಶ್ನಿಸುವುದನ್ನು ಒಂದು ತಲೆಮಾರಿಗೆ ಕಲಿಸಿದರು. ಹೊರಗಿನ ಜಗತ್ತಿನಲ್ಲೂ 1970ರ ದಶಕದಿಂದೀಚೆಗೆ ತತ್ತ್ವಶಾಸ್ತ್ರ ಮತ್ತೆ ಅಡುಗೆಮನೆಗೆ, ಆಸ್ಪತ್ರೆಗೆ, ಸಂತೆಗೆ ಇಳಿದಿದೆ. ಪೀಟರ್ ಸಿಂಗರ್ 1979ರಲ್ಲಿ ಬರೆದ ‘ಪ್ರಾಕ್ಟಿಕಲ್ ಎಥಿಕ್ಸ್’ ಆ ತಿರುವಿನ ಮುಖ್ಯ ಪುಸ್ತಕ. ಅದಕ್ಕೂ ಮೊದಲು, 1967ರಲ್ಲಿ, ಫಿಲಿಪ್ಪಾ ಫುಟ್ ಹಿಡಿತ ತಪ್ಪಿದ ಟ್ರಾಮಿನ ಒಗಟನ್ನು ಮುಂದಿಟ್ಟಿದ್ದರು: ಐವರನ್ನು ಉಳಿಸಲು ಟ್ರಾಮನ್ನು ಒಬ್ಬನ ಮೇಲೆ ತಿರುಗಿಸಬಹುದೇ? ಚುರುಕಾದ ಒಗಟು ಅದು. ಆದರೆ ಅಲ್ಲಿ ನಿರ್ಧಾರ ಮಾಡುವವನು ಒಂಟಿ, ಹಳಿಯ ಮೇಲಿರುವವರಿಗೆ ಬಾಯಿಯೇ ಇಲ್ಲ. ನಮ್ಮ ಬೀದಿಗಳಲ್ಲಿ ಹಾಗಿಲ್ಲ. ಹಳಿಯ ಮೇಲೆ ನಿಂತವರು ದಿನವೂ ನಮ್ಮ ಬಾಗಿಲಿಗೆ ಬರುತ್ತಾರೆ, ಅವರನ್ನು ಹೆಸರು ಹಿಡಿದು ಕರೆಯಬಹುದು, ಕೇಳಿದರೆ ಉತ್ತರ ಹೇಳುತ್ತಾರೆ. ನಾವು ಕೇಳುವುದಿಲ್ಲ ಎನ್ನುವುದು ಬೇರೆ ಮಾತು.

ಈ ಭಾಗದ ನಿತ್ಯದ ಪ್ರಶ್ನೆಗಳನ್ನು ಸಾಲಾಗಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಬಹುಪಾಲು ವಿಷಯಗಳಲ್ಲಿ ಯಾವುದು ಸರಿ ಎಂಬುದು ನಮಗೆ ಗೊತ್ತಿದೆ. ಹಲವಕ್ಕೆ ಕಾನೂನೂ ಇದೆ. ನಮ್ಮ ಅನುಕೂಲದ ಬೆಲೆಯನ್ನು ಬೇರೊಬ್ಬರ ಹೆಗಲಿಗೆ ದಾಟಿಸುವಾಗ ಅವರನ್ನು ಒಂದು ಮಾತು ಕೇಳದೆ ದಾಟಿಸುತ್ತೇವೆ. ತಪ್ಪು ಶುರುವಾಗುವುದು ಅಲ್ಲಿ.

ಮೊದಲು ಮನೆಯೊಳಗಿನದು. ಬೆಳಿಗ್ಗೆ ಆರೂವರೆಗೆಲ್ಲ ರಾಗಿಗುಡ್ಡದ ಬಹುಮಹಡಿ ಬ್ಲಾಕುಗಳಿಂದ, ಭೈರಸಂದ್ರದ ಓಣಿಗಳಿಂದ ಹೆಂಗಸರು ಹೊರಡುತ್ತಾರೆ. ಒಂದು ಮನೆಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ, ಇನ್ನೊಂದರಲ್ಲಿ ಪಾತ್ರೆ, ಮುಂದಿನದರಲ್ಲಿ ಕಸ ಗುಡಿಸಿ ನೆಲ ಒರೆಸುವುದು, ಆಮೇಲೆ ತರಕಾರಿ ಹೆಚ್ಚಿ ಚಪಾತಿ ಲಟ್ಟಿಸುವುದು. ನಡುವೆ ಒಂದು ಲೋಟ ಕಾಫಿ. ಆ ಲೋಟ ಎಲ್ಲಿರುತ್ತದೆ ನೋಡಿ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಸ್ಟೀಲ್ ಲೋಟಗಳ ಜೊತೆ ಅಲ್ಲ. ಯುಟಿಲಿಟಿಯ ಕಿಟಕಿ ಸರಳಿಗೆ ಒರಗಿಸಿ, ಪಾತ್ರೆ ಉಜ್ಜುವ ಪುಡಿಯ ಪಕ್ಕದಲ್ಲಿ, ತುಸು ನೆಗ್ಗಿದ ಒಂದು ಲೋಟ ಬೇರೆಯೇ ಇರುತ್ತದೆ. ಮನೆಯ ಅಷ್ಟೂ ಲೋಟಗಳನ್ನು ತೊಳೆಯುವ ಕೈಗೆ ಆ ಲೋಟಗಳಲ್ಲಿ ಕುಡಿಯುವ ಅವಕಾಶವಿಲ್ಲ. ಬಚ್ಚಲು, ಕಕ್ಕಸುಗಳನ್ನು ತಿಕ್ಕಿ ಹೊಳೆಸುವವರು ತಮಗೆ ಅವಸರವಾದರೆ ಮಧ್ಯಾಹ್ನ ಮನೆ ಸೇರುವತನಕ ತಡೆದುಕೊಳ್ಳುತ್ತಾರೆ. ಹಾಗೆ ತಡೆದುಕೊಳ್ಳಬೇಕಾಗುತ್ತದೆಂದೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಇದಕ್ಕೆ ಜಾತಿಯೆಂದು ಹೆಸರಿಡಲು ನಮಗೆ ಮುಜುಗರ, ಸ್ವಚ್ಛತೆ ಎನ್ನುತ್ತೇವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಬೇರೆ ಲೋಟವೂ ಅದರ ಒಂದು ರೂಪವೇ ಎಂದು ನಾನು ತಿಳಿದಿದ್ದೇನೆ.

“ಅಮ್ಮ, ಸೋಮವಾರ ಬರಾಕಿಲ್ಲ, ಊರಾಗೆ ಹಬ್ಬ.”

“ಮುಂಚೇನೇ ಹೇಳಬಾರ್ದಾ? ಆವತ್ತೇ ನಮ್ಮನೇಲೂ ನೆಂಟರು ಬರ್ತಿದಾರೆ.”

ಈ ಎರಡು ಮಾತಿನ ನಡುವೆ ಇಡೀ ಸಮಸ್ಯೆ ಕೂತಿದೆ. ಕಚೇರಿಯಲ್ಲಿ ಗಳಿಕೆ ರಜೆ, ಕಾಯಿಲೆ ರಜೆ ಎಂದು ಲೆಕ್ಕ ಹಾಕುವ ನಾವೇ ಮನೆಯಲ್ಲಿ ರಜೆಯನ್ನು ಉಪಕಾರವಾಗಿಸುತ್ತೇವೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ದೇಶಕ್ಕೆ ದಾರಿ ತೋರಿಸಿತು. ಆ ಅಧಿಸೂಚನೆಯ ಸುದ್ದಿ ಎಷ್ಟು ಮನೆಗಳ ಬಾಗಿಲು ತಟ್ಟಿತು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆ ತಂದಿತು. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯನ್ನೂ ಕೆಲಸದ ಜಾಗವೆಂದು ಎಣಿಸುತ್ತದೆ ಎಂಬುದು ಮನೆಯ ಯಜಮಾನರಿಗೂ ಗೊತ್ತಿರುವುದಿಲ್ಲ, ಕೆಲಸದವರಿಗೂ ಗೊತ್ತಿರುವುದಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಮನೆಗೆಲಸದವರ ಸಾಮಾಜಿಕ ಭದ್ರತೆಗೆಂದು ಒಂದು ಮಸೂದೆಯ ಕರಡು ಹೊರಡಿಸಿತು. ನೋಂದಣಿ, ಲಿಖಿತ ಒಪ್ಪಂದ, ಕಲ್ಯಾಣ ನಿಧಿಗೆ ಮನೆಯವರ ಪಾಲು ಎಲ್ಲ ಅದರಲ್ಲಿವೆ. ಆಗ ನಮ್ಮ ಕಡೆ ಎದ್ದ ಆಕ್ಷೇಪ ಒಂದೇ: “ಮನೆಯವರ ಥರ ನೋಡ್ಕೊತೀವಲ್ಲ, ಕಾಗದಪತ್ರ ಯಾಕೆ?”

ಈ ಆಕ್ಷೇಪವನ್ನು ತಳ್ಳಿಹಾಕಬಾರದು, ಉತ್ತರ ಕೊಡಬೇಕು. ಮಗಳ ಫೀಸಿಗೆ ದುಡ್ಡು ಕೊಟ್ಟವರಿದ್ದಾರೆ, ಹೆರಿಗೆಗೆ ಆಸ್ಪತ್ರೆಯಲ್ಲಿ ಜೊತೆಗೆ ಕೂತವರಿದ್ದಾರೆ. ಆ ಪ್ರೀತಿ ನಿಜ. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಮನಸ್ಸು ಮುರಿದ ದಿನ ಹಿಂತೆಗೆಯಬಹುದು, ಸಂಬಳದ ಚೀಟಿಯಲ್ಲಿ ಬರೆದದ್ದನ್ನು ಹಾಗೆ ಹಿಂತೆಗೆಯಲಾಗದು. ಮನೆಯವರೇ ಆಗಿದ್ದರೆ ಅವರು ಸೋಫಾದ ಮೇಲೆ ಕೂರುತ್ತಿದ್ದರು. ಕೂರುವುದಿಲ್ಲವಾದರೆ ಅವರು ನೌಕರರು, ನೌಕರರಿಗೆ ರಜೆ ಬೇಕು. ನನ್ನ ಮಟ್ಟಿಗೆ ಇದರಲ್ಲಿ ನಡುದಾರಿ ಇಲ್ಲ.

ಗೇಟು ದಾಟಿದರೆ ಕಸ. ಪ್ಲೇಗಿನ ಕಾಲದಲ್ಲಿ, 1898ರ ಆಸುಪಾಸಿನಲ್ಲಿ, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿದಾಗ ಮನೆಗಳ ಬೆನ್ನಿಗೆ ಸಂದಿಗಳನ್ನು ಬಿಟ್ಟರು. ಮಲ ಹೊರುವವರು ಮುಂಬಾಗಿಲಿನ ಕಣ್ಣಿಗೆ ಬೀಳದೆ ಹಿಂದಿನಿಂದ ಬಂದು ಹೋಗಲಿ ಎಂಬ ವ್ಯವಸ್ಥೆ ಅದು. ನಗರದ ನಕ್ಷೆಯೇ ಒಂದು ಜನವರ್ಗವನ್ನು ಮರೆಮಾಡಿತ್ತು. ಈಗ ಆ ಸಂದಿಗಳಲ್ಲಿ ಬೈಕು ನಿಲ್ಲುತ್ತವೆ, ಕಸದ ಆಟೊ ಮುಂಬಾಗಿಲಿಗೇ ಹಾಡು ಹಾಕಿಕೊಂಡು ಬರುತ್ತದೆ. ಕಣ್ಣು ಮಾತ್ರ ಇನ್ನೂ ಪೂರ್ತಿ ತೆರೆದಿಲ್ಲ.

2012ರಲ್ಲಿ ಅದು ತೆರೆಯಲೇಬೇಕಾಯಿತು. ಹೆಸರಘಟ್ಟದ ಕಡೆಯ ಮಾವಳ್ಳಿಪುರದವರು ಇನ್ನು ನಿಮ್ಮ ಕಸ ಬೇಡ ಎಂದರು, ಅಲ್ಲಿನ ಸುರಿತಾಣ ಮುಚ್ಚಿತು, ನಗರದ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಆ ವರ್ಷದ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಲಾರಿಗಳು ಮಂಡೂರಿಗೆ ಹೋದವು, ಅಲ್ಲಿಯವರೂ ಬೀದಿಗಿಳಿದರು, 2014ರ ಕೊನೆಗೆ ಅದೂ ನಿಂತಿತು. ಹೈಕೋರ್ಟಿನ ಒತ್ತಾಯದಿಂದ 2015ರಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಮ್ಮ ನಗರ ತನ್ನ ಕಸದ ಹೊಣೆಯನ್ನು ಸ್ವಂತ ಇಚ್ಛೆಯಿಂದ ಹೊತ್ತದ್ದಲ್ಲ. ಬೆಲೆ ತೆರುತ್ತಿದ್ದ ಹಳ್ಳಿಗಳು ಲಾರಿ ಅಡ್ಡಗಟ್ಟಿ ಸಭೆಗೆ ನುಗ್ಗಿದ್ದರಿಂದ ಹೊತ್ತದ್ದು.

ಬೇರ್ಪಡಿಸದೆ ಕೊಟ್ಟರೆ ಏನಾಗುತ್ತದೆ? ಆಟೊದ ಹಿಂದೆ ನಿಂತ ಸಹಾಯಕ ಪ್ಲಾಸ್ಟಿಕ್ ಕವರಿನ ಗಂಟನ್ನು ಕೈಯಿಂದ ಹರಿದು ಬಿಡಿಸುತ್ತಾನೆ. ಅನ್ನ, ಸಾರು, ಹಾಲಿನ ಕವರು, ಮಗುವಿನ ಡೈಪರು ಒಟ್ಟಿಗೆ ಬೀಳುತ್ತವೆ. ಎಷ್ಟೋ ಸಲ ಒಡೆದ ಗಾಜು. ಕೈಗವಸು ಹಾಕಿದರೆ ಗಂಟು ಬಿಚ್ಚಲು ಬಾರದು, ಹಾಕದಿದ್ದರೆ ಕೈ ಕುಯ್ಯುತ್ತದೆ. ಡೈಪರು, ಪ್ಯಾಡುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನಾವು ಉಳಿಸಿದರೆ ಅವನ ಬೆರಳು ಅದರ ಬೆಲೆ ಕೊಡುತ್ತದೆ. ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಚಿಂದಿ ಆಯುವವರನ್ನು ಸಂಘಟಿಸಿದ ‘ಹಸಿರು ದಳ’ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗಲು ದುಡಿಯಿತು. ನಿನ್ನೆಯವರೆಗೆ ಪೊಲೀಸರು ಓಡಿಸುತ್ತಿದ್ದ ಜನ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ನಡೆಸುವ ಮಟ್ಟಕ್ಕೆ ಬಂದರು. ವರ್ಷಗಳ ಹೋರಾಟದ ನಂತರ 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು.

ಅದೇ ವರ್ಷದ ಅಕ್ಟೋಬರ್ ಕೊನೆಗೆ ನಗರದ ಘನತ್ಯಾಜ್ಯ ನಿರ್ವಹಣಾ ಕಂಪನಿ ‘ಕಸ ಸುರಿಯುವ ಹಬ್ಬ’ ನಡೆಸಿತು. ಬೀದಿಗೆ ಕಸ ಎಸೆದವರ ವಿಡಿಯೊ ಹಿಡಿದು, ಅವರ ಮನೆ ಹುಡುಕಿ, ಬಾಗಿಲ ಮುಂದೆ ಕಸ ಸುರಿದು ದಂಡ ಹಾಕಿದರು. ಅನೇಕರು ಚಪ್ಪಾಳೆ ತಟ್ಟಿದರು. ನನಗೆ ಇದು ಸರಿಕಾಣಲಿಲ್ಲ. ದಂಡ ಸರಿ, ಎಸೆದವರಿಗೆ ಅದರಿಂದ ಎಷ್ಟು ಸಿಟ್ಟು ಬಂದರೂ ಸರಿ. ಆದರೆ ಅವಮಾನವನ್ನೇ ಶಿಕ್ಷೆಯಾಗಿಸಿದರೆ ಅದು ತಪ್ಪಿಗೆ ತಕ್ಕಷ್ಟಕ್ಕೆ ನಿಲ್ಲುವುದಿಲ್ಲ, ಅದೇ ಮನೆಯ ಮಕ್ಕಳಿಗೂ ತಟ್ಟುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವ ಬಿ.ಟಿ.ಎಂ.ನ ಪಿ.ಜಿ. ಹುಡುಗನಿಗೆ ಕಸದ ಆಟೊ ಬರುವ ಹೊತ್ತಿಗೆ ಏಳಲಾಗದು. ಅವನನ್ನು ಯಾರೂ ಕೇಳಿಲ್ಲ. ಮತ್ತೆ, ಹಾಗೆ ಬಾಗಿಲಲ್ಲಿ ಸುರಿದ ಕಸವನ್ನು ಕೊನೆಗೆ ಬಾಚಿ ತುಂಬಿದ ಕೈಗಳೂ ಕಾರ್ಮಿಕರವೇ.

ಕಸದ ಮಾತಿನಲ್ಲಿ ಪಿಟ್ಟಿನ ಮಾತು ಬಿಡಲಾಗದು. ಅಪಾರ್ಟ್‌ಮೆಂಟಿನ ಮಲದ ಗುಂಡಿ ಕಟ್ಟಿಕೊಂಡಾಗ ‘ಯಾರನ್ನಾದರೂ ಕರೆದು ಇಳಿಸಿ’ ಎನ್ನುವುದು ಇಂದಿಗೂ ಕೇಳುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹೀಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇದರಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ. ಯಂತ್ರ ತರಿಸಿ, ದುಡ್ಡು ಕೊಡಿ.

ಜಯನಗರ 4ನೇ ಬ್ಲಾಕಿನ ಪ್ರಶ್ನೆ ಇಷ್ಟು ಸಲೀಸಲ್ಲ. ಅಲ್ಲಿ ಎರಡೂ ಕಡೆ ನ್ಯಾಯವಿದೆ. ಶಾಪಿಂಗ್ ಕಾಂಪ್ಲೆಕ್ಸಿನ ಸುತ್ತಲ ಫುಟ್‌ಪಾತಿನಲ್ಲಿ ಹೂವು, ಹಣ್ಣು, ಬಳೆ, ಬಟ್ಟೆ ಮಾರುವವರು ಹತ್ತಾರು ವರ್ಷಗಳಿಂದ ಇದ್ದಾರೆ. ಮಂಡಿ ನೋವಿನ ಹಿರಿಯರು ಅವರನ್ನು ಬಳಸಿ ರಸ್ತೆಗೆ ಇಳಿದರೆ ಬೈಕುಗಳು ಮೈಮೇಲೆ ಬರುತ್ತವೆ. 2023ರ ನವೆಂಬರಿನಲ್ಲಿ ಪಾಲಿಕೆ ಆ ವ್ಯಾಪಾರಿಗಳನ್ನು ಎಬ್ಬಿಸಿತು. ನಿವಾಸಿಗಳಲ್ಲಿ ಕೆಲವರು ಹಿಗ್ಗಿದರು, ವ್ಯಾಪಾರಿಗಳು ಧರಣಿ ಕೂತರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವುದು ಸ್ಪಷ್ಟ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಫುಟ್‌ಪಾತ್ ಇರುವುದು ಬದುಕುವ ಹಕ್ಕಿನ ಭಾಗ ಎಂದೂ ಹೇಳಿತು. ಎರಡೂ ಹಕ್ಕೇ.

ಹೀಗೆ ಹಕ್ಕಿಗೆ ಹಕ್ಕು ಎದುರಾದಾಗ ಏನು ಮಾಡಬೇಕೆಂಬುದಕ್ಕೆ ಆ ಕಾಯ್ದೆಯಲ್ಲೇ ಒಂದು ಒಳ್ಳೆಯ ದಾರಿ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಿವಾಸಿ ಸಂಘಗಳಿಗೂ ಅಲ್ಲಿ ಜಾಗವಿದೆ. ಎಷ್ಟು ಅಡಿ ನಡೆಯಲು, ಎಷ್ಟು ಅಡಿ ಮಾರಲು ಎಂಬುದನ್ನು ಅಲ್ಲಿ ಎದುರುಬದುರು ಕೂತು ಅಳೆಯಬಹುದು. ಮೊಳ ಹೂವಿಗೆ ಹತ್ತು ರೂಪಾಯಿ ಚೌಕಾಸಿ ಮಾಡಿದವರೇ ಸಂಜೆ ಅವರನ್ನು ಎಬ್ಬಿಸುವ ಅರ್ಜಿಗೆ ಸಹಿ ಹಾಕುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅದೇ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಹತ್ತಿಸಿಟ್ಟ ಕಾರುಗಳ ವಿರುದ್ಧ ಅಂಥ ಅರ್ಜಿ ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಾಡಿಗೆ ಮನೆಯ ವಿಷಯದಲ್ಲಿ ಬಾಗಿಲಲ್ಲೇ ಜಾತಿ ಕೇಳುತ್ತಾರೆ, ನೇರವಾಗಿ ಅಲ್ಲ. ‘ವೆಜಿಟೇರಿಯನ್ಸ್ ಮಾತ್ರ’ ಎಂಬ ಬೋರ್ಡು, ‘ನೀವು ಯಾವ ಕಡೆಯವರು’ ಎಂಬ ಪ್ರಶ್ನೆ, ಹೆಸರು ಕೇಳಿದ ಮೇಲೆ ‘ಮನೆ ಆಗ್ಲೇ ಹೋಯ್ತಲ್ಲ’ ಎಂಬ ಉತ್ತರ. ಮುಸ್ಲಿಮರಿಗೆ, ದಲಿತರಿಗೆ, ಒಂಟಿ ಹೆಂಗಸರಿಗೆ, ಈಶಾನ್ಯದ ಹುಡುಗರಿಗೆ ಈ ಉತ್ತರ ಬಾಯಿಪಾಠ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ತಾರತಮ್ಯ ನಿಷೇಧಿಸುತ್ತದೆ. ಮನೆ ಬಾಡಿಗೆಯ ಹೆಸರು ಅದರಲ್ಲಿಲ್ಲ. 2005ರಲ್ಲಿ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಮ್ಮವರಿಗಷ್ಟೇ ಸದಸ್ಯತ್ವ ಎಂಬ ನಿಯಮವನ್ನು ಎತ್ತಿಹಿಡಿಯಿತು. ಹತ್ತು ತಿಂಗಳ ಅಡ್ವಾನ್ಸ್ ವಿಷಯವೂ ಅಷ್ಟೇ. ಕೇಂದ್ರದ 2021ರ ಮಾದರಿ ಕಾಯ್ದೆ ಎರಡು ತಿಂಗಳು ಸಾಕು ಎನ್ನುತ್ತದೆ, ನಮ್ಮ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಕಾನೂನು ಕೈಬಿಟ್ಟ ಈ ಜಾಗದಲ್ಲೇ ಮನೆ ಓನರಿನ ಮನಸ್ಸು ಏನೆಂಬುದು ತಿಳಿಯುತ್ತದೆ. ಪಿಂಚಣಿಯಿಲ್ಲದೆ ಮಹಡಿ ಮನೆಯ ಬಾಡಿಗೆಯಲ್ಲೇ ಬದುಕುವ ಹಿರಿಯರ ಭಯ ನನಗೆ ಅರ್ಥವಾಗುತ್ತದೆ. ಬಿಡುವಾಗ ‘ಪೇಂಟಿಂಗ್ ಖರ್ಚು’ ಎಂದು ಇಡೀ ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಅರ್ಥವಾಗುವುದಿಲ್ಲ.

ನೀರಿನ ಬೆಲೆ ತೆರುವವರು ಇನ್ನೂ ದೂರದಲ್ಲಿದ್ದಾರೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ನೂರಾರು ಮೀಟರು ಎತ್ತರಕ್ಕೆ ಕಾವೇರಿಯನ್ನು ಎತ್ತಿ ತರುತ್ತಾರೆ. ಸುಪ್ರೀಂ ಕೋರ್ಟಿನ 2018ರ ಕಾವೇರಿ ತೀರ್ಪಿನಲ್ಲಿ ರಾಜ್ಯಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿಗೆಂದೇ ಬಂತು. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಾಗ ಸಿಡಿಮಿಡಿಗೊಂಡವರು ಬಹಳ ಮಂದಿ. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಮಂಡ್ಯದ ರೈತರು ಅದೇ ಕಾವೇರಿ ನೀರಿಗಾಗಿ ಹೆದ್ದಾರಿಯಲ್ಲಿ ಕೂತಿದ್ದರು. ಜೆ.ಪಿ. ನಗರದ ಆಚೆ ಫೇಸುಗಳಿಗೆ ಬರುವ ಟ್ಯಾಂಕರ್ ನೀರು ಹೊರವಲಯದ ಹಳ್ಳಿಯೊಂದರ ಬೋರ್‌ವೆಲ್‌ನದು. ಅಲ್ಲಿ ಪಕ್ಕದ ತೋಟದವನ ಬೋರು ಒಣಗಿದರೆ ನಮಗೆ ಸುದ್ದಿಯೂ ತಲುಪದು. ಮಳೆನೀರು ಕೊಯ್ಲು 2009ರಿಂದ ಕಡ್ಡಾಯ, ಅದನ್ನು ತೋರಿಸಿಕೊಡಲೆಂದೇ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಉದ್ಯಾನವಿದೆ. ಅಷ್ಟು ಹತ್ತಿರವಿದ್ದೂ ಎಷ್ಟೋ ಮನೆಗಳ ತಾರಸಿ ಪೈಪು ಇಂದಿಗೂ ಚರಂಡಿಗೇ ಇಳಿಯುತ್ತದೆ.

ನಾಯಿಗಳ ಜಗಳವನ್ನು ಉದ್ದ ಮಾಡುವುದಿಲ್ಲ. 2023ರ ಎಣಿಕೆಯಲ್ಲಿ ನಗರದಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಊಟ ಹಾಕಿ ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅನ್ನ ಹಾಕುವವರು ಸಂತಾನಹರಣ, ಲಸಿಕೆಯ ಹೊಣೆಯನ್ನೂ ಹೊತ್ತರೆ ಅವರ ಕರುಣೆ ಪೂರ್ತಿಯಾಗುತ್ತದೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಗುಡಿಸಲು ಬರುವ ಪೌರಕಾರ್ಮಿಕರು ಕಚ್ಚಿಸಿಕೊಳ್ಳುವವರಲ್ಲಿ ಮೊದಲಿಗರು ಎಂಬುದನ್ನೂ ಅವರು ನೆನೆಯಬೇಕು. 2015ರಲ್ಲಿ ಜಿಲ್ಲಾಡಳಿತ ತೆರವು ಮಾಡಿಸಿದ ಸಾರಕ್ಕಿ ಕೆರೆಯ ಒತ್ತುವರಿ ಇನ್ನೊಂದು ಗಂಟು. 82 ಎಕರೆಯ ಕೆರೆ ಉಳಿಯಬೇಕಿತ್ತು, ಉಳಿಯಿತು. ನಕಲಿ ಪತ್ರ ನಂಬಿ ಜೀವಮಾನದ ದುಡ್ಡು ಹಾಕಿದವರ ಗೋಡೆಗಳು ಬಿದ್ದವು. ನಿವೇಶನ ಮಾರಿದವರಿಗೆ, ಖಾತೆ ಮಾಡಿಕೊಟ್ಟವರಿಗೆ ಹೋಲಿಸಿದರೆ ಮನೆ ಕಟ್ಟಿಕೊಂಡವರ ತಪ್ಪು ಚಿಕ್ಕದು, ತೆತ್ತದ್ದು ಮಾತ್ರ ಅವರೇ.

ಕೊನೆಯದಾಗಿ ಎತ್ತಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು. ಜಯನಗರದ ಹಳೆಯ ಮನೆಗಳಲ್ಲಿ ಎಂಬತ್ತು ದಾಟಿದ ದಂಪತಿಗಳಿದ್ದಾರೆ, ಮಕ್ಕಳು ಅಮೆರಿಕದಲ್ಲಿ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಕೈಹಿಡಿದು ನಡೆಸುವವರನ್ನು ಕೊಡಿಸಲಾರದು. ಹಾಗಾಗಿ ಏಜೆನ್ಸಿಯಿಂದ ಹೋಮ್ ನರ್ಸ್ ಬರುತ್ತಾಳೆ. ಉತ್ತರ ಕರ್ನಾಟಕದವಳೋ ಜಾರ್ಖಂಡಿನವಳೋ ಆಗಿರುತ್ತಾಳೆ. ಇಪ್ಪತ್ತನಾಲ್ಕು ಗಂಟೆಯ ಕೆಲಸ. ಅಜ್ಜಿಯ ಮಂಚದ ಪಕ್ಕದಲ್ಲೇ ಚಾಪೆ. ಅಜ್ಜಿ ಕೆಮ್ಮಿದರೆ ಎಚ್ಚರ, ಹೊರಳಿದರೆ ಎಚ್ಚರ. ಅವಳ ಮಗು ಊರಿನಲ್ಲಿ ಇನ್ನೊಂದು ಅಜ್ಜಿಯ ಹತ್ತಿರ ಇರುತ್ತದೆ.

ಇಲ್ಲಿ ಯಾರನ್ನು ದೂರುವುದು? ವೀಸಾದ ಕಟ್ಟಿಗೆ ಸಿಕ್ಕಿದ ಮಗ ಕೆಟ್ಟವನಲ್ಲ, ದಿನವೂ ವಿಡಿಯೊ ಕಾಲ್ ಮಾಡುತ್ತಾನೆ. ಏಜೆನ್ಸಿಗೆ ಕೊಡುವ ತಿಂಗಳ ದುಡ್ಡೇ ಪಿಂಚಣಿಯನ್ನು ಮೀರುತ್ತದೆ. ಅಜ್ಜ ಅಜ್ಜಿ ಅಸಹಾಯಕರು, ಅವಳೂ ಅಸಹಾಯಕಳು. ಆದರೂ ಅವಳನ್ನು ಕೇಳಿದರೆ ಅವಳು ಹೇಳುವುದು ಅಸಾಧ್ಯವಾದದ್ದೇನಲ್ಲ. ವಾರಕ್ಕೊಂದು ರಾತ್ರಿ ಪೂರ್ತಿ ನಿದ್ದೆ ಬೇಕು. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಬೇಕು. ಏಜೆನ್ಸಿ ತನ್ನ ಸಂಬಳದಲ್ಲಿ ಎಷ್ಟು ಮುರಿದುಕೊಳ್ಳುತ್ತದೆಂದು ತಿಳಿಯಬೇಕು. ಮಗಳ ಪರೀಕ್ಷೆಯ ವಾರ ಊರಿಗೆ ಹೋಗಿ ಬರಬೇಕು, ಹೋದ ದಿನಗಳ ಸಂಬಳ ಮುರಿಯಬಾರದು. ಇದಿಷ್ಟಕ್ಕೂ ದುಡ್ಡು ಬೇಕು, ಬದಲಿಗೆ ಇನ್ನೊಬ್ಬರು ಬೇಕು. ಬೀದಿಯ ನಾಲ್ಕೈದು ಮನೆಗಳು ಸೇರಿ ಬದಲಿಗೊಬ್ಬರನ್ನು ಇಟ್ಟುಕೊಂಡರೆ ವಾರದ ರಜೆ ಎಲ್ಲರ ಮನೆಯಲ್ಲೂ ಸಾಧ್ಯವಾಗುತ್ತದೆ. ನಿವಾಸಿಗಳ ಸಂಘಕ್ಕೆ ಕೈಲಾಗದ ಕೆಲಸವೇನಲ್ಲ ಅದು. ಕಾವಲುಗಾರನನ್ನು ಹಂಚಿಕೊಂಡು ಇಟ್ಟುಕೊಳ್ಳುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿದೆ. ಮುಂದಿನ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಲಿಫ್ಟಿನ ವಿಷಯದ ಜಾಗಕ್ಕೆ ಇದನ್ನು ಸೇರಿಸಬಹುದು, ಅವತ್ತು ಆ ಬೀದಿಯ ಹೋಮ್ ನರ್ಸ್‌ಗಳಿಗೂ ಕುರ್ಚಿ ಹಾಕಬಹುದು.